ಅಮಾವಾಸ್ಯೆಯ ಪ್ಲೇಟು

ನಮ್ಮ ಮನೆಯಲ್ಲಿ ನನ್ನ ಮೇಲೆ ಬಹಳ ಕಾಲದಿಂದ ಒಂದು ದೂರು ಇದೆ. ಒಂದು ಹಾಡು ಮುಗಿದ ಕೂಡಲೇ ಇನ್ನೊಂದನ್ನು ಹಾಕಲು ನಾನು ಬಿಡುವುದಿಲ್ಲವಂತೆ. ಕೈ ಅಡ್ಡ ಹಿಡಿದು, ತಡಿ, ಇದು ಹೇಗಿತ್ತು ಹೇಳು ಎನ್ನುತ್ತೇನಂತೆ. ಚೆನ್ನಾಗಿತ್ತು ಎಂದರೆ ಅಷ್ಟಕ್ಕೇ ಬಿಡುವುದಿಲ್ಲವಂತೆ. ಏನು ಚೆನ್ನಾಗಿತ್ತು, ಎಲ್ಲಿ ಚೆನ್ನಾಗಿತ್ತು, ನಡುವೆ ಆ ಪಿಟೀಲು ಯಾಕೆ ಬಂತು ಎಂದು ವಿಚಾರಣೆ ಶುರು ಮಾಡುತ್ತೇನಂತೆ. ಇಷ್ಟು ‘ಅಂತೆ’ಗಳನ್ನು ಹೇಳುವವಳು ನನ್ನ ಹೆಂಡತಿ. ಮಗಳು ಇನ್ನೂ ಜಾಣೆ, ನಾನು ಕೋಣೆಗೆ ಕಾಲಿಟ್ಟ ತಕ್ಷಣ ಹಾಡನ್ನೇ ನಿಲ್ಲಿಸಿಬಿಡುತ್ತಾಳೆ. ದೂರು ಸುಳ್ಳೆಂದು ನಾನು ಹೇಳುವ ಹಾಗಿಲ್ಲ. ಈ ಚಾಳಿ ನನಗೆ ಅಂಟಿದ್ದು ಚಿತ್ರದುರ್ಗದಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ, ಒಂದು ಮೈಕ್‌ಸೆಟ್ ಅಂಗಡಿಯ ಅಟ್ಟದ ಮೇಲೆ.

ಆಗ ನಾನು ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ದುರ್ಗದ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಬಿ.ಎ. ಓದುತ್ತಿದ್ದೆ ಎನ್ನುವುದಕ್ಕಿಂತ ಬಸ್ಸಿನಲ್ಲಿ ಓಡಾಡುತ್ತಿದ್ದೆ ಎಂದರೆ ನಿಜಕ್ಕೆ ಹತ್ತಿರ. ಮೊಣಕಾಲಿನಿಂದ ಕೆಳಗೆ ಲಂಗದಷ್ಟು ಅಗಲವಾಗುವ ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಆ ಪ್ಯಾಂಟು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಧೂಳನ್ನೆಲ್ಲ ಗುಡಿಸಿಕೊಂಡು ದುರ್ಗಕ್ಕೆ ತರುತ್ತಿತ್ತು, ಸಂಜೆ ದುರ್ಗದ ಧೂಳನ್ನು ಹೊಳಲ್ಕೆರೆಗೆ ಒಯ್ಯುತ್ತಿತ್ತು. ನಮ್ಮಮ್ಮ ಅದನ್ನು ಒಗೆಯುವಾಗ ಎರಡು ಊರಿನ ಮಣ್ಣನ್ನೂ ನನ್ನನ್ನೂ ಒಟ್ಟಿಗೇ ಬಯ್ಯುತ್ತಿದ್ದಳು.

ಮೈಕ್‌ಸೆಟ್ ಅಂಗಡಿ ನನ್ನ ಸಹಪಾಠಿ ಗೌಸನ ತಂದೆಯದು. ಸಂತೆಹೊಂಡದಿಂದ ಸ್ವಲ್ಪ ಆಚೆ, ಕೆಳಗೆ ಅಂಗಡಿ, ಮೇಲೆ ಅಟ್ಟ. ಅವರ ಮನೆತನ ಅದೇ ಬೀದಿಯಲ್ಲಿ ತಲೆಮಾರುಗಳಿಂದ ಇದ್ದದ್ದು. ಹಿಂದಿನವರು ಕುದುರೆಗೆ ಲಾಳ ಕಟ್ಟುತ್ತಿದ್ದರಂತೆ, ತಾತ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ, ತಂದೆ ಮೈಕ್‌ಸೆಟ್ ಇಟ್ಟರು. ಕುದುರೆಯಿಂದ ಗಡಿಯಾರಕ್ಕೆ, ಗಡಿಯಾರದಿಂದ ಹಾಡಿಗೆ ಹೇಗೆ ಬಂದಿರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರು, ಎಲ್ಲಾ ಸದ್ದಿನ ಕೆಲಸವೇ ಅಲ್ಲವೇನಪ್ಪ ಎಂದಿದ್ದರು. ಎಲ್ಲರೂ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದರು.

ಸಾಹೇಬರದು ಒಂದು ಕಟ್ಟುನಿಟ್ಟು. ಮದುವೆಯಿರಲಿ, ನಾಮಕರಣವಿರಲಿ, ಉರುಸೇ ಇರಲಿ, ಯಂತ್ರ ಶುರು ಮಾಡಿದ ಮೇಲೆ ಮೊದಲು ಹಾಕುವುದು ದೇವರ ಹಾಡು. ಯಾರ ಮನೆಯೋ ಅವರ ದೇವರು. ಅಂಗಡಿಯಲ್ಲಿ ಸುಮ್ಮನೆ ವೈರು ಪರೀಕ್ಷೆ ಮಾಡುವಾಗಲೂ ಇದೇ ನಿಯಮ. ದೇವರ ಹಾಡು ಮುಗಿಯದೆ ಬೇರೆ ಗ್ರಾಮಫೋನ್ ಪ್ಲೇಟು ಹಾಕಿದರೆ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ ಎಂದು ಅವರು ನಂಬಿದ್ದರು. ಒಂದು ಸಲ ಹಾಗೆ ಸುಟ್ಟೂ ಇತ್ತಂತೆ. ಹೀಗಾಗಿ ನಾವು ಕೇಳಲು ಕೂರುತ್ತಿದ್ದ ಪರದೇಶಿ ಹಾಡುಗಳಿಗೆಲ್ಲ ಮುನ್ನುಡಿಯಾಗಿ, ಕೇಳುವವರಲ್ಲಿ ಹೆಚ್ಚಿನವರ ದೇವರೆಂದು, ಗಣಪತಿಯ ಸ್ತುತಿ ಇರುತ್ತಿತ್ತು. ಇವತ್ತಿಗೂ ಗಿಟಾರಿನ ಸದ್ದು ಕೇಳಿದರೆ ನನಗೆ ಕಡುಬಿನ ನೆನಪಾಗುತ್ತದೆ.

ಆ ಪರದೇಶಿ ಪ್ಲೇಟುಗಳು ಬಂದದ್ದು ಗೌಸನ ಭಾವನಿಂದ. ಬೆಂಗಳೂರಿನಲ್ಲಿ ಹಳೇ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಆತ ಅಂಗಡಿಗೆ ಬೇಕಾದೀತೆಂದು ಒಂದು ಪೆಟ್ಟಿಗೆ ತುಂಬ ಸಿನಿಮಾ ಹಾಡಿನ ಪ್ಲೇಟುಗಳನ್ನು ಕಳಿಸಿದ್ದ. ಅದರ ತಳದಲ್ಲಿ ಮೂರು ಬೇರೆ ಜಾತಿಯವು ಸಿಕ್ಕವು. ಮೊದಲನೆಯದರಲ್ಲಿ ಯಾರೋ ನಾಲ್ಕೈದು ಜನ ಸೇರಿ ಕಿರುಚುತ್ತಿದ್ದರು. ಇದಕ್ಕೆ ತಡೆದುಕೊಂಡ ಹಾರ್ನು ಯಾವ ಮದುವೆಗೂ ತಡೆದುಕೊಳ್ಳುತ್ತದೆ ಎಂದು ಸಾಹೇಬರು ಅದನ್ನು ಹಾರ್ನು ಪರೀಕ್ಷೆಗೆ ಇಟ್ಟುಕೊಂಡರು. ಅವರು ಪರೀಕ್ಷೆ ಮಾಡಿದಾಗಲೆಲ್ಲ ಆ ಕಿರುಚಾಟ ಕೋಟೆಯ ಬಂಡೆಗೆ ಬಡಿದು ಇನ್ನೊಂದು ಸುತ್ತು ಊರಿಗೆ ವಾಪಸ್ಸು ಬರುತ್ತಿತ್ತು. ಎರಡನೆಯದರಲ್ಲಿ ಹಾಡೇ ಇರಲಿಲ್ಲ, ಒಂದೇ ತಂತಿಯನ್ನು ಯಾರೋ ಬಹಳ ಹೊತ್ತು ಮೀಟುತ್ತಿದ್ದರು. ಮೂರನೆಯದೇ ನಮ್ಮ ತಲೆ ಕೆಡಿಸಿದ್ದು.

ಅದರ ಹೊದಿಕೆಯ ಮೇಲೆ ಕಡಲ ದಂಡೆಯಲ್ಲಿ ಒಂದು ಖಾಲಿ ಕುರ್ಚಿಯ ಫೋಟೋ ಇತ್ತು. ಹಾಡಿದವರ ಹೆಸರಿರಬೇಕಾದ ಜಾಗದಲ್ಲಿ ಎರಡು ಇನಿಷಿಯಲ್ ಮಾತ್ರ. ನಡುವಿನ ದುಂಡು ಚೀಟಿಯನ್ನು ಸೊಟ್ಟಗೆ ಅಂಟಿಸಿದ್ದರು. ನಾವು ಬಲ್ಲ ಯಾವ ಕಂಪನಿಯ ಗುರುತೂ ಅದರಲ್ಲಿರಲಿಲ್ಲ. ಒಂದು ದನಿ, ಒಂದು ಗಿಟಾರು, ಅಷ್ಟೇ. ಆ ದನಿ ಗಂಡಸಿನದೋ ಹೆಂಗಸಿನದೋ ಎಂಬುದೂ ಮೊದಮೊದಲು ನಮಗೆ ಇತ್ಯರ್ಥವಾಗಲಿಲ್ಲ.

ಕೇಳುವವರು ನಾವು ನಾಲ್ವರು. ನಾನು, ಗೌಸ್, ನಾಗರಾಜ, ತಿಪ್ಪೇಸ್ವಾಮಿ. ನಾಗರಾಜ ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಮನೆಯವನು. ಮೋಟಾರ್‌ಬೈಕಿನಲ್ಲಿ ಬರುತ್ತಿದ್ದ, ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದ, ಯಾವ ವಿಷಯಕ್ಕಾದರೂ ಒಂದು ನಿಯಮ ಮಾಡದೆ ಅವನಿಗೆ ಸಮಾಧಾನವಿರಲಿಲ್ಲ. ತಿಪ್ಪೇಸ್ವಾಮಿ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವನು. ಮನೆಯಲ್ಲಿ ಕುರಿ, ಸ್ವಲ್ಪ ಹೊಲ. ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಓದು ಮುಗಿಸಿ ಮೇಷ್ಟ್ರಾಗಬೇಕು ಎಂಬುದು ಬಿಟ್ಟರೆ ಅವನಿಗೆ ಬೇರೆ ಆಸೆಯಿರಲಿಲ್ಲ. ಆಗಲೇ ಹಾಸ್ಟೆಲಿನ ಚಿಕ್ಕ ಹುಡುಗರನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದ. ಅವನು ಹೇಳಿಕೊಟ್ಟರೆ ಯಾವ ದಡ್ಡನಿಗೂ ಅರ್ಥವಾಗುತ್ತಿತ್ತು. ನನಗೂ ಅರ್ಥವಾಗಿದೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಸರಿ, ವಾದ ಶುರುವಾಯಿತು. ನಾಗರಾಜ ತನ್ನ ಪತ್ರಿಕೆಯಲ್ಲಿ ಓದಿಕೊಂಡು ಬಂದು ಒಂದು ಸುದ್ದಿ ಹೇಳಿದ. ಹೊರದೇಶಗಳಲ್ಲಿ ಕೆಲವರು ದೊಡ್ಡ ಕಂಪನಿಗಳ ಸಹವಾಸವೇ ಬೇಡವೆಂದು ತಾವೇ ಹಾಡಿ, ತಾವೇ ಪ್ಲೇಟು ಮಾಡಿಸಿ, ತಾವೇ ಮಾರುತ್ತಾರಂತೆ. ಇದು ಅಂಥದ್ದೇ ಇರಬೇಕು, ಅದಕ್ಕೇ ಚೀಟಿ ಸೊಟ್ಟಗಿದೆ ಎಂದು ಅವನ ತೀರ್ಮಾನ. ಗೌಸನಿಗೆ ಇದು ಕೇಳಿ ಬಹಳ ಗೌರವ ಬಂದುಬಿಟ್ಟಿತು. ‘ಅಂದ್ರೆ ನಮ್ಮ ಹಂಗೇ ಸಣ್ಣ ಪಾರ್ಟಿ’ ಎಂದ.

ಇಂಥ ಪ್ಲೇಟನ್ನು ಸಿನಿಮಾ ಹಾಡಿನ ಹಾಗೆ ಬೇಕಾದ್ದೊಂದನ್ನು ಆರಿಸಿ ಕೇಳಬಾರದು, ಮೊದಲಿನಿಂದ ಕೊನೆಯವರೆಗೆ ಸಾಲಾಗಿಯೇ ಕೇಳಬೇಕು, ಹಾಡುಗಳ ಸಾಲಿಗೂ ಒಂದು ಅರ್ಥವಿರುತ್ತದೆ ಎಂಬುದು ನಾಗರಾಜನ ವಾದ. ಗೌಸ್ ಇದನ್ನು ಒಪ್ಪಿದ, ಆದರೆ ತನ್ನದೇ ದಾರಿಯಲ್ಲಿ. ಅವನು ಹಾಡನ್ನು ಅಳೆಯುತ್ತಿದ್ದದ್ದು ಮದುವೆಯ ಗಜಕಡ್ಡಿಯಿಂದ. ಮೊದಲನೇ ಹಾಡು ಬೀಗರು ಬರುವ ಹೊತ್ತಿಗೆ ಸರಿ. ಎರಡನೆಯದು ಧಾರೆಗೆ ಆಗುವುದಿಲ್ಲ, ಅಲ್ಲಿ ಇಷ್ಟು ದುಃಖ ನಡೆಯುವುದಿಲ್ಲ. ಮೂರನೆಯದನ್ನು ಊಟದ ಎರಡನೇ ಪಂಕ್ತಿಗೆ ಹಾಕಬಹುದು, ಅಷ್ಟು ಹೊತ್ತಿಗೆ ಪಾಯಸ ಮುಗಿದಿರುತ್ತದೆ, ಜನಕ್ಕೂ ಸ್ವಲ್ಪ ಬೇಜಾರಿರುತ್ತದೆ. ಕೊನೆಯ ಹಾಡು ಮಾತ್ರ ಹೆಣ್ಣು ಒಪ್ಪಿಸುವ ಹೊತ್ತಿನದು. ಆಮೇಲೆ ಸಂಗೀತದ ಬಗ್ಗೆ ದೊಡ್ಡ ದೊಡ್ಡವರು ಬರೆದದ್ದನ್ನು ಓದಿದ್ದೇನೆ. ಹಾಡನ್ನು ಇಷ್ಟು ಖಚಿತವಾಗಿ ಅದರ ಜಾಗದಲ್ಲಿ ಕೂರಿಸಿದವರನ್ನು ನಾನು ಕಾಣಲಿಲ್ಲ.

ನಾಲ್ವರಲ್ಲಿ ಇಂಗ್ಲಿಷಿನಲ್ಲಿ ನನಗೆ ಒಂದೆರಡು ಅಂಕ ಹೆಚ್ಚು ಬಂದಿದ್ದರಿಂದ ಸಾಹಿತ್ಯದ ಖಾತೆಯನ್ನು ನನಗೆ ವಹಿಸಿದ್ದರು. ಎಷ್ಟು ಕಿವಿಗೊಟ್ಟರೂ ನನಗೆ ತಿಳಿದದ್ದು ಬಾಗಿಲು, ಮಳೆ ಎಂಬ ಎರಡೇ ಪದ. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಆ ಎರಡು ಪದದ ಮೇಲೆ ದೊಡ್ಡ ಕತೆಯನ್ನೇ ಕಟ್ಟಿದೆ. ಮಳೆ ಬರುತ್ತಿದೆ, ಬಾಗಿಲು ಮುಚ್ಚಿದೆ, ಹೊರಗೆ ಒಬ್ಬ ನಿಂತಿದ್ದಾನೆ ಎಂದು ಶುರು ಮಾಡಿ, ಕೊನೆಗೆ ಅವನಿಗೆ ನ್ಯುಮೋನಿಯಾ ತರಿಸಿಬಿಟ್ಟಿದ್ದೆ. ಮೂವರೂ ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ತಿಪ್ಪೇಸ್ವಾಮಿ, ಅಷ್ಟು ಮಳೆ ಬರುತ್ತಿದ್ದರೆ ಆ ಕುರ್ಚಿಯನ್ನು ಯಾಕೆ ಯಾರೂ ಒಳಗಿಟ್ಟಿಲ್ಲ ಎಂದು ಕೇಳಿದ. ಕುರ್ಚಿಯಿಂದ ಎದ್ದುಹೋದವರು ಯಾರು ಎಂಬ ಚರ್ಚೆಯೇ ಮುಂದಿನ ಕೆಲವು ವಾರ ನಡೆಯಿತು.

ತಿಪ್ಪೇಸ್ವಾಮಿ ಮಾತು ಕಡಿಮೆ, ಕೇಳುವುದು ಹೆಚ್ಚು. ಕೊನೆಯ ಹಾಡು ಮುಗಿದು, ಗಿಟಾರು ನಿಂತು, ನಾವೆಲ್ಲ ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ದಿನ ಕೈ ಎತ್ತಿದ. ‘ತಡೀರಿ. ಇನ್ನೂ ಮುಗ್ದಿಲ್ಲ. ಕೊನೇಲಿ ಗಂಟೆ ಐತೆ’ ಎಂದ. ನಮಗ್ಯಾರಿಗೂ ಕೇಳಿಸಿರಲಿಲ್ಲ. ಇನ್ನೊಮ್ಮೆ ಹಾಕಿದೆವು. ಹೌದು, ಗಿಟಾರು ನಿಂತ ಮೇಲೆ, ಪ್ಲೇಟಿನ ಸರಸರ ಸದ್ದಿನ ಒಳಗೆ, ಎಲ್ಲೋ ದೂರದಲ್ಲಿ ಒಂದು ಸಣ್ಣ ಗಂಟೆ, ಒಂದೇ ಸಲ. ಅಲ್ಲಿಗೆ ಹೊಸ ವಾದ. ಇಗರ್ಜಿಯ ಗಂಟೆ ಎಂದ ನಾಗರಾಜ. ಐಸ್‌ಕ್ಯಾಂಡಿಯವನು ಎಂದ ಗೌಸ್. ಹಾಡಿ ದಣಿದವನು ಚಹಾದ ಲೋಟಕ್ಕೆ ಚಮಚ ತಾಗಿಸಿದ್ದು ಎಂದೆ ನಾನು. ತಿಪ್ಪೇಸ್ವಾಮಿ ಇದ್ದುಕೊಂಡು, ಅದು ಕುರಿಯ ಕೊರಳ ಗಂಟೆ, ಹಿಂದೆ ಉಳಿದಿದ್ದ ಒಂದು ಕುರಿ ಮಂದೆಗೆ ಬಂದು ಸೇರಿತು, ಹಾಡುವವನು ಇಷ್ಟು ಹೊತ್ತು ಕರೆಯುತ್ತಿದ್ದದ್ದು ಅದನ್ನೇ ಎಂದ. ಕಡಲ ದಂಡೆಯಲ್ಲಿ ಕುರಿ ಎಲ್ಲಿಂದ ಬಂತೋ ಎಂದು ನಾವು ನಕ್ಕೆವು. ಆದರೆ ಅವತ್ತಿನಿಂದ ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಉಸಿರೆತ್ತಬಾರದು ಎಂದು ನಾಗರಾಜ ನಿಯಮ ಮಾಡಿದ. ನಮ್ಮ ಮನೆಯವರು ಇವತ್ತು ಅನುಭವಿಸುತ್ತಿರುವುದು ಆ ನಿಯಮದ ಫಲ.

ಇಷ್ಟರಲ್ಲಿ ನಮ್ಮ ಒಂದು ಅನಾಚಾರ ಬಯಲಿಗೆ ಬಂತು. ಮದುವೆ ಚಪ್ಪರದಲ್ಲಿ ಹುಡುಗರು ಓಡಾಡಿದರೆ ನೆಲ ಅದುರಿ ಯಂತ್ರದ ಮುಳ್ಳು ಪ್ಲೇಟಿನ ಗೆರೆ ಬಿಟ್ಟು ಹಾರುತ್ತದೆ. ಅದಕ್ಕೆ ಮೈಕ್‌ಸೆಟ್ಟಿನವರು ಮುಳ್ಳಿನ ತಲೆಯ ಮೇಲೆ ಒಂದು ನಾಣ್ಯ ಅಂಟಿಸಿ ಭಾರ ಹೇರುತ್ತಿದ್ದರು. ಗೌಸನ ಯಂತ್ರದ ಮೇಲೂ ಒಂದು ನಾಣ್ಯ ಸದಾ ಕೂತಿರುತ್ತಿತ್ತು, ಅದು ಯಂತ್ರದ ಒಂದು ಅಂಗವೇ ಎಂದು ನಾನು ತಿಳಿದಿದ್ದೆ. ಆ ಭಾರಕ್ಕೆ ಪ್ಲೇಟಿನ ಗೆರೆ ಸವೆಯುತ್ತದೆ, ಮೊದಲು ಸವೆಯುವುದೇ ಸಣ್ಣ ಸದ್ದುಗಳು, ಆಮೇಲೆ ದಪ್ಪ ಸದ್ದುಗಳು ಎಂದು ನಾಗರಾಜ ಎಲ್ಲೋ ಓದಿಕೊಂಡು ಬಂದ. ಅವನ ಮುಖ ಆಗ ನೋಡಬೇಕಿತ್ತು. ಮನೆಯ ಹಸುವಿಗೆ ದಿನಾ ವಿಷ ಹಾಕುತ್ತಿದ್ದೆವೆಂದು ಗೊತ್ತಾದವನ ಮುಖ.

ಅವತ್ತೇ ನಾಣ್ಯ ಕಿತ್ತು ಹಾಕಿದ. ಪ್ಲೇಟನ್ನು ಅಂಗಡಿಯಲ್ಲಿ ಬಿಡುವ ಹಾಗಿಲ್ಲವೆಂದು ಭೀಮಸಮುದ್ರಕ್ಕೆ ಒಯ್ದು, ಅವರಮ್ಮನ ರೇಷ್ಮೆ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಇನ್ನು ಮೇಲೆ ತಿಂಗಳಿಗೆ ಒಂದೇ ದಿನ, ಒಂದೇ ಸಲ. ಯಾವ ದಿನ? ಅಮಾವಾಸ್ಯೆ. ಯಾಕೆಂದರೆ ಅಮಾವಾಸ್ಯೆಗೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಯಂತ್ರ ಖಾಲಿಯಿರುತ್ತದೆ. ನನಗೆ ಇದರಿಂದ ಸಂಕಟವಾಯಿತು. ಕಾಲೇಜಿಗೆ ರಜೆ ಬಂದ ಅಮಾವಾಸ್ಯೆಗಳಲ್ಲಿ ಹೊಳಲ್ಕೆರೆಯಿಂದ ಹೊರಡಬೇಕಾದರೆ ನಮ್ಮಮ್ಮನಿಗೆ ಸುಳ್ಳು ಹೇಳಬೇಕಿತ್ತು. ಅಮಾವಾಸ್ಯೆ ದಿನ ಯಾವ ಮೇಷ್ಟ್ರು ಸ್ಪೆಷಲ್ ಕ್ಲಾಸು ಇಟ್ಟುಕೊಳ್ಳುತ್ತಾನೋ ಎಂದು ಅವಳು ಆ ಇಲ್ಲದ ಮೇಷ್ಟ್ರಿಗೆ ಬಾಗಿಲಲ್ಲೇ ಶಾಪ ಹಾಕಿ ಕಳಿಸುತ್ತಿದ್ದಳು.

ಈ ಏರ್ಪಾಡಿನಿಂದ ಒಂದು ವಿಚಿತ್ರ ನಡೆಯಿತು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ನಾವು ಪ್ಲೇಟಿಲ್ಲದೆ, ಬರೀ ನೆನಪಿನ ಮೇಲೆ ವಾದ ಮಾಡತೊಡಗಿದೆವು. ಕೇಳುವಾಗ ಇದ್ದುದಕ್ಕಿಂತ ಜೋರಾಗಿಯೇ ನಡೆಯಿತು ಅದು. ನಾಲ್ಕನೇ ಹಾಡಿನ ನಡುವೆ ಡೋಲು ನಿಲ್ಲುತ್ತದಲ್ಲ, ಅಲ್ಲೇ ಹಾಡಿನ ಜೀವ ಇರುವುದು ಎಂದು ನಾನು ತಿಂಗಳಿಡೀ ಸಾಧಿಸಿದೆ. ಗೌಸ್ ಒಪ್ಪಿದ, ನಾಗರಾಜ ವಿರೋಧಿಸಿದ, ಅವರಿಬ್ಬರೂ ಎರಡು ದಿನ ಮಾತು ಬಿಟ್ಟರು. ಅಮಾವಾಸ್ಯೆಗೆ ಹಾಕಿ ನೋಡಿದರೆ ಆ ಪ್ಲೇಟಿನಲ್ಲಿ ಎಲ್ಲೂ ಡೋಲೇ ಇರಲಿಲ್ಲ. ಹಾಗಾದರೆ ನಾನು ತಿಂಗಳಿಡೀ ಕೇಳಿಸಿಕೊಂಡದ್ದು ಯಾವ ಡೋಲು? ಗೌಸ್ ಯಾವುದನ್ನು ಒಪ್ಪಿದ? ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳುವುದರಲ್ಲಿ ಕಿವಿಯ ಪಾಲೆಷ್ಟು, ತಲೆಯ ಪಾಲೆಷ್ಟು ಎಂದು ಆಗಾಗ ಯೋಚಿಸುತ್ತಿರುತ್ತೇನೆ.

ತಿಂಗಳಿಗೊಂದು ಸಲ ಎಂಬ ನಿಯಮವನ್ನು ಒಪ್ಪದವನು ತಿಪ್ಪೇಸ್ವಾಮಿ ಒಬ್ಬನೇ. ಯಾವುದಕ್ಕೂ ಹಟ ಮಾಡದ ಮನುಷ್ಯ ಇದಕ್ಕೆ ಹಟ ಮಾಡಿದ. ಹಾಡು ಇರುವುದು ಕೇಳುವುದಕ್ಕೆ, ಸೀರೆ ಸುತ್ತಿ ಇಡುವುದಕ್ಕಲ್ಲ ಎಂದ. ದಿನಾ ಕೇಳಿದರೆ ವರ್ಷದೊಳಗೆ ಏನೂ ಉಳಿಯುವುದಿಲ್ಲ ಎಂದ ನಾಗರಾಜ. ‘ಉಳಿದು ಯಾರಿಗೆ?’ ಎಂದ ತಿಪ್ಪೇಸ್ವಾಮಿ. ಅವನ ದನಿ ಯಾವತ್ತಿಗಿಂತ ದೊಡ್ಡದಾಗಿತ್ತು. ಆಮೇಲೆ ನೆನೆಸಿಕೊಂಡರೆ ಆ ವರ್ಷವೆಲ್ಲ ಅವನ ದನಿ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಲೇ ಇತ್ತು. ಹಾಸ್ಟೆಲಿನ ಹುಡುಗರಿಗೆ ಪಾಠ ಹೇಳಿ ಹೇಳಿ ಹೀಗಾಗಿದೆ ಎಂದುಕೊಂಡಿದ್ದೆವು.

ಒಂದು ಅಮಾವಾಸ್ಯೆ ಕಳೆದು ಕೆಲವು ದಿನಕ್ಕೆ, ಕಾಲೇಜು ಬಿಟ್ಟ ಮೇಲೆ, ಸಂತೆಹೊಂಡದ ಮೆಟ್ಟಿಲ ಮೇಲೆ ನಾನೂ ತಿಪ್ಪೇಸ್ವಾಮಿಯೂ ಇಬ್ಬರೇ ಕೂತಿದ್ದೆವು. ಕಡಲೆಕಾಯಿ ತಿನ್ನುತ್ತಿದ್ದೆವು. ಮಾತಿಗೆ ಮಾತು ಬಂದು ಅವನು ಕೇಳಿದ.

‘ಹೊಳಲ್ಕೆರೆ,’ ಅವರೆಲ್ಲ ನನ್ನನ್ನು ಕರೆಯುತ್ತಿದ್ದದ್ದು ಹಾಗೆ, ‘ಹೋದ ಅಮಾಸೆಗೆ ಕೊನೇಲಿ ಗಂಟೆ ಬಂತಾ?’

ನನಗೆ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ಅವತ್ತು ಕೊನೆಯ ಹಾಡಿನ ಹೊತ್ತಿಗೆ ನನ್ನ ಗಮನವೆಲ್ಲ ಗೋಡೆಯ ಗಡಿಯಾರದ ಮೇಲೆ, ಹೊಳಲ್ಕೆರೆ ಬಸ್ಸಿನ ಮೇಲೆ ಇತ್ತು. ಬಂದಿರಬೇಕಪ್ಪ, ಯಾಕೆ ಎಂದೆ.

‘ನನಗೆ ಬರ್ಲಿಲ್ಲ’ ಎಂದ.

ಆಮೇಲೆ ಅವನು ಹೇಳಿದ್ದನ್ನೆಲ್ಲ ನಾನು ಕಡಲೆಕಾಯಿ ಕೈಯಲ್ಲೇ ಹಿಡಿದು ಕೇಳಿದೆ. ಅವರ ಮನೆಯಲ್ಲಿ ಗಂಡಸರಿಗೆ ಸಣ್ಣ ವಯಸ್ಸಿಗೇ ಕಿವಿ ಹೋಗುತ್ತದಂತೆ. ತಾತನಿಗೆ ಹೋಗಿತ್ತು, ಚಿಕ್ಕಪ್ಪನಿಗೆ ಹೋಗಿದೆ. ಅವನಿಗೆ ಎಡಗಿವಿ ಆಗಲೇ ಮಂದವಾಗಿತ್ತು. ಜಿಲ್ಲಾ ಆಸ್ಪತ್ರೆಗೆ ಹೋಗಿದ್ದನಂತೆ. ಡಾಕ್ಟರು ಒಂದು ಕಬ್ಬಿಣದ ಕವೆಯನ್ನು ತಮ್ಮ ಮೊಣಕಾಲಿಗೆ ತಟ್ಟಿ ಗುಂಯ್ ಎನಿಸಿ ಕಿವಿಯ ಹಿಂದೆ ಇಟ್ಟು ನೋಡಿದರಂತೆ. ಬಲಗಿವಿಯ ಮೇಲೆ ಒಂದು ಕಣ್ಣಿಟ್ಟಿರು, ಮೊದಲು ಸಣ್ಣ ಸದ್ದುಗಳು ಹೋಗುತ್ತವೆ, ಸಣ್ಣ ಸದ್ದು ನಿಂತರೆ ಮಾತು ನಿಲ್ಲುವುದಕ್ಕೂ ಬಹಳ ಕಾಲ ಬೇಕಾಗುವುದಿಲ್ಲ, ಅವು ಕೇಳಿಸುವ ತನಕ ಹೆದರಬೇಡ ಎಂದಿದ್ದರಂತೆ. ಕಿವಿಯ ಮೇಲೆ ಕಣ್ಣಿಡುವುದು ಹೇಗೆ ಎಂದು ತಾನು ಕೇಳಿದ್ದಕ್ಕೆ ಡಾಕ್ಟರು ನಕ್ಕರಂತೆ. ಇದನ್ನು ಹೇಳುವಾಗ ತಿಪ್ಪೇಸ್ವಾಮಿಯೂ ನಕ್ಕ.

ನನಗೆ ಆಶ್ಚರ್ಯವಾದದ್ದು ಅವನ ಕುತೂಹಲ. ಅವನು ಅಳುಮೋರೆ ಹಾಕಿಕೊಂಡು ಹೇಳಲಿಲ್ಲ. ಯಾವ ಸದ್ದು ಯಾವಾಗ ಹೋಯಿತು ಎಂದು ಬೇರೆಯವರ ಕತೆಯ ಹಾಗೆ ಹೇಳುತ್ತಾ ಹೋದ. ಮೊದಲು ಜೀರುಂಡೆ ನಿಂತಿತಂತೆ. ಈ ಸಲ ಯಾಕೋ ಜೀರುಂಡೆ ಕಡಿಮೆ ಎಂದು ಅವರಮ್ಮನಿಗೆ ಹೇಳಿದಾಗ ಅವಳು ಅವನ ಮುಖವನ್ನೇ ನೋಡಿದಳಂತೆ. ಆಮೇಲೆ ಹುಲ್ಲಿನ ಸರಸರ. ಮಂದೆಯ ಗಂಟೆಗಳಲ್ಲಿ ದಪ್ಪನೆಯವು ಕೇಳಿಸುತ್ತವಂತೆ, ಮರಿಗಳ ಕೊರಳಿನ ಸಣ್ಣವು ಹೋದ ಬೇಸಿಗೆಗೆ ಇದ್ದವು, ಈಗ ಇವೆಯೋ ಇಲ್ಲವೋ ಗೊತ್ತಾಗುವುದಿಲ್ಲವಂತೆ, ಕಟ್ಟಿದ್ದಾರೋ ಬಿಚ್ಚಿದ್ದಾರೋ ಎಂದು ಕೇಳಲು ತಾನು ಹೆದರುತ್ತೇನೆ ಎಂದ. ‘ಕಿವಿ ಕೇಳದ ಮೇಷ್ಟ್ರನ್ನ ಯಾರು ಇಟ್ಕಂತಾರೆ ಹೇಳು? ಹುಡುಗ್ರು ಕೇಳಿದ್ದು ಕೇಳ್ಸಬೇಕಲ್ಲ’ ಎಂದ. ಅಷ್ಟು ಹೇಳಿ ಇನ್ನೊಂದು ಕಡಲೆಕಾಯಿ ಸುಲಿದ.

ನನ್ನ ತಲೆಗೆ ಆಗ ಒಂದು ಯೋಚನೆ ಹೊಳೆಯಿತು. ಆ ನಾಣ್ಯ ಎಷ್ಟು ತಿಂಗಳು ಪ್ಲೇಟನ್ನು ಅರೆದಿಲ್ಲ? ಸಣ್ಣ ಸದ್ದೇ ಮೊದಲು ಸವೆಯುತ್ತದೆ ಎಂದು ನಾಗರಾಜನೇ ಹೇಳಿದ್ದಾನಲ್ಲ? ಗಂಟೆ ಪ್ಲೇಟಿನಿಂದಲೇ ಸವೆದು ಹೋಗಿದ್ದರೆ? ಅದನ್ನು ಹೇಳಿದೆ. ಅವನು ಅದನ್ನು ಆಗಲೇ ಯೋಚಿಸಿಟ್ಟಿದ್ದ.

‘ಅದಕ್ಕೇ ಕೇಳಿದ್ದು ನಿನ್ನ. ಪ್ಲೇಟು ಸವೆದಿದ್ರೆ ನಿಮಗೂ ಕೇಳ್ಸಂಗಿಲ್ಲ. ಬರೋ ಅಮಾಸೆಗೆ ನೋಡಾಣ.’

ಅಷ್ಟು ದಿನ ಯಾಕೆ ಕಾಯಬೇಕು, ನಾಳೆಯೇ ನಾಗರಾಜನಿಗೆ ಹೇಳಿ ಪ್ಲೇಟು ತರಿಸೋಣ ಎಂದೆ. ಬೇಡ ಎಂದು ತಲೆಯಾಡಿಸಿದ. ‘ಒಂದು ತಿಂಗಳು ಅನುಮಾನ ಪ್ಲೇಟಿನ ಮೇಲೇ ಇರ್ಲಿ ಬಿಡು’ ಎಂದ. ಉಳಿದಿಬ್ಬರಿಗೆ ಹೇಳಬೇಡ, ಗೊತ್ತಾದರೆ ಅವರು ನಿಜ ಹೇಳುವುದಿಲ್ಲ ಎಂದೂ ಹೇಳಿದ. ಆಣೆ ಹಾಕಿಸಿಕೊಳ್ಳಲಿಲ್ಲ, ಅದು ಅವನ ದೊಡ್ಡತನ. ನನ್ನ ಬಾಯಿಯ ವಿಷಯ ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬಹುದು. ಗುಟ್ಟೆಂಬುದು ನನ್ನ ಹೊಟ್ಟೆಯಲ್ಲಿ ಅರಗಿದ ಉದಾಹರಣೆಯೇ ಇಲ್ಲ. ಮಾರನೇ ದಿನ ಗೌಸನಿಗೆ ಹೇಳಿದೆ, ಅವನು ನಾಗರಾಜನಿಗೆ ಹೇಳಿದ. ಮೂವರೂ ಆ ತಿಂಗಳು ಆ ಪ್ಲೇಟಿನ ಮಾತನ್ನೇ ಎತ್ತಲಿಲ್ಲ. ಎದುರಿಗೆ ಸಿಕ್ಕರೆ ಪರೀಕ್ಷೆ, ಎಳನೀರು, ಹೊಸದುರ್ಗದ ಕಡೆ ಮಳೆಯಾಯಿತಂತೆ ಎಂಬ ಸುದ್ದಿ. ಗೌಸ್ ಒಂದು ದಿನ ನನ್ನ ಹತ್ತಿರ, ತಾನು ಈ ತಿಂಗಳು ನಮಾಜಿನಲ್ಲಿ ಪ್ಲೇಟು ಹಾಳಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ, ಹೀಗೆ ಬೇಡಿಕೊಂಡವರು ಯಾರಾದರೂ ಇದ್ದಾರೋ ಇಲ್ಲವೋ ಎಂದ. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ನಾಗರಾಜ ಏನು ಬೇಡಿಕೊಂಡನೋ ಹೇಳಲಿಲ್ಲ.

ಅಮಾವಾಸ್ಯೆ ಬಂತು. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಜನವಿರಲಿಲ್ಲ. ನಾಗರಾಜ ಪ್ಲೇಟನ್ನು ಸೀರೆಯ ಸಮೇತ ಎದೆಗೆ ಅವಚಿಕೊಂಡು ಬಂದ. ಗೌಸ್ ಅಟ್ಟದ ಕಿಟಕಿಗಳನ್ನೆಲ್ಲ ಮುಚ್ಚಿದ. ಗಣಪತಿಯ ಸ್ತುತಿ ಹಾಕಿದ. ಅವತ್ತು ನಾಲ್ವರೂ ಕೈಕಟ್ಟಿ ಕೂತು ಅದನ್ನು ಪೂರ್ತಿ ಕೇಳಿದೆವು. ಆಮೇಲೆ ನಾಗರಾಜ ನಮ್ಮ ಪ್ಲೇಟನ್ನು ಹಾಕಿ, ಮುಳ್ಳನ್ನು ಬಹಳ ಮೆಲ್ಲಗೆ ಇಳಿಸಿದ.

ನಾವು ಪ್ರತಿ ಹಾಡಿಗೂ ವಾದ ಮಾಡುವವರು ಅವತ್ತು ಒಂದು ಮಾತೂ ಆಡಲಿಲ್ಲ. ಮೊದಲ ಮಗ್ಗುಲು ಮುಗಿಯಿತು. ತಿರುವಿ ಹಾಕಿದ. ತಿಪ್ಪೇಸ್ವಾಮಿ ಸ್ಪೀಕರಿನ ಪೆಟ್ಟಿಗೆಗೆ ಬಲಗಿವಿ ಕೊಟ್ಟು ಕೂತಿದ್ದ, ಆದರೆ ಮುಖ ನಮ್ಮ ಕಡೆಗಿತ್ತು. ಕೊನೆಯ ಹಾಡು ಬಂತು. ಗಿಟಾರು ನಿಧಾನವಾಯಿತು, ನಿಂತಿತು. ಸರಸರ ಸದ್ದು. ಗಂಟೆ ಬಾರದಿರಲಿ ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ.

ಬಂತು. ಸಣ್ಣಗೆ, ಆದರೆ ಎಲ್ಲೂ ಒಡಕಿಲ್ಲದೆ, ಮೊದಲ ದಿನ ಕೇಳಿಸಿದಷ್ಟೇ ಚೆನ್ನಾಗಿ ಬಂತು.

ನಾಗರಾಜ ಮುಳ್ಳೆತ್ತಿದ. ನಿಯಮದಂತೆ ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಮೊದಲು ಮಾತಾಡಿದವನು ಅವನೇ. ತನ್ನ ನಿಯಮದಿಂದಲೇ ಈ ಪ್ಲೇಟು ಉಳಿದಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನು. ಪ್ಲೇಟಿಗೆ ಕುಂದು ಬಂದಿದೆ ಎಂದು ಬೇರೆ ಯಾರಾದರೂ ಹೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ.

‘ಹೋಗೈತೆ ಕಣಪ್ಪ’ ಎಂದ ನಾಗರಾಜ. ‘ಗಂಟೆ ಹೋಗೇ ಬಿಟ್ಟೈತೆ. ಪೂರ್ತಿ ಸವೆದೋಗೈತೆ. ಆ ನಾಣ್ಯದ್ದೇ ಕೆಲಸ. ಏನ್ ಗೌಸಾ?’

ಹೌದು ಹೌದು, ನನಗೂ ಏನೂ ಕೇಳಿಸಲಿಲ್ಲ ಎಂದ ಗೌಸ್. ನಾನೂ ತಲೆಯಾಡಿಸಿದೆ. ಇಂಥ ದೊಡ್ಡ ಸುಳ್ಳಿನ ಹೊತ್ತಿಗೆ ಸರಿಯಾಗಿ ನನಗೆ ಬಾಯೇ ಬರಲಿಲ್ಲ.

ತಿಪ್ಪೇಸ್ವಾಮಿ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಅವನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಏನನ್ನೋ ಸರಿಯಾಗಿ ತಿಳಿದುಕೊಳ್ಳಬೇಕು ಎಂಬ ಹಾಗೆ ಕೇಳಿದ.

‘ಗಿಟಾರು ನಿಂತ ಮೇಲೆ ನೀವು ಮೂರೂ ಜನ ಒಂದೇ ಸಲ ತಲೆ ತಗ್ಗಿಸಿದ್ರಲ್ಲ. ಆವಾಗ್ಲೇನಾ ಬಂದದ್ದು?’

ಗೌಸ್ ಕಿಟಕಿ ತೆಗೆಯುವವನ ಹಾಗೆ ಎದ್ದು ಹೋಗಿ ಅಲ್ಲೇ ಗೋಡೆಗೆ ಮುಖ ಮಾಡಿ ನಿಂತ. ಆ ವಯಸ್ಸಿನಲ್ಲಿ ಗೆಳೆಯರ ಎದುರು ಅಳುವುದು ಅವಮಾನವೆಂದು ತಿಳಿದಿದ್ದೆವು, ಆದ್ದರಿಂದ ಪ್ಲೇಟಿನ ಹೊದಿಕೆಯನ್ನು ಎತ್ತಿಕೊಂಡು ಅದರ ಹಿಂಬದಿಯನ್ನು ಓದುತ್ತಾ ಕೂತೆ. ಅಲ್ಲಿ ಓದಲು ಏನೂ ಇರಲಿಲ್ಲ.

ತಿಪ್ಪೇಸ್ವಾಮಿ ಬಗ್ಗಿ ಯಂತ್ರದ ಮೇಲಿದ್ದ ಪ್ಲೇಟನ್ನು ನೋಡಿದ. ಎತ್ತಿ, ಕಿಟಕಿಯ ಸಂದಿನ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನಾಗರಾಜನ ಬೆನ್ನು ತಟ್ಟಿದ.

‘ಹಂಗಾದ್ರೆ ಪ್ಲೇಟಿಗೇನೂ ಆಗಿಲ್ಲ’ ಎಂದ. ‘ಚೆನ್ನಾಗಿ ಇಟ್ಕಂಡಿದೀಯ ಕಣೋ.’

ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ನಾಗರಾಜನಿಗೆ ಅದನ್ನೇ ತಡೆಯಲಾಗಲಿಲ್ಲ. ಅವನು ಪ್ಲೇಟನ್ನು ಗೆಳೆಯನ ಕೈಯಿಂದ ತೆಗೆದುಕೊಂಡು ಮತ್ತೆ ಯಂತ್ರದ ಮೇಲಿಟ್ಟ. ತಿಪ್ಪೇಸ್ವಾಮಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಮುಳ್ಳನ್ನು ಕೊನೆಯ ಹಾಡಿನ ಮೇಲೆ ಇಳಿಸಿದ. ಗಿಟಾರು ನಿಂತು, ಗಂಟೆ ಬರುವ ಹೊತ್ತಿಗೆ ಸರಿಯಾಗಿ ತಿಪ್ಪೇಸ್ವಾಮಿಯ ಮೊಣಕೈಯನ್ನು ಒತ್ತಿದ. ಹೂಂ, ಎಂದು ತಿಪ್ಪೇಸ್ವಾಮಿ ತಲೆಯಾಡಿಸಿದ.

ನನ್ನ ಬಸ್ಸು ಹೋಯಿತು, ಅದರ ಹಿಂದಿನ ಬಸ್ಸೂ ಹೋಯಿತು. ನಾಗರಾಜ ಅದೇ ಹಾಡನ್ನು ಮತ್ತೆ ಹಾಕಿದ, ಮತ್ತೆ ಮೊಣಕೈ ಒತ್ತಿದ. ಪ್ಲೇಟು ಸವೆಯುತ್ತದೆ ಎಂದು ಅವತ್ತು ನಮ್ಮಲ್ಲಿ ಯಾರೂ ಹೇಳಲಿಲ್ಲ.